ಈಮ್ ಗ್ರಾಮದ ಸಭಾಪಾಲಕರಾದ ವಿಲಿಯಂ ಮೋಂಪೆಸನ್ನರು

ಇಂಗ್ಲೆಂಡ್ ದೇಶದ ಡರ್ಬಿಷೈರ್ ಸೀಮೆಯ ಬೆಟ್ಟಗಳ ನಡುವೆ ಈಮ್ ಎಂಬ ಸಣ್ಣ ಗ್ರಾಮವುಂಟು. ಕುರಿಗಳನ್ನು ಮೇಯಿಸಿಯೂ ಭೂಮಿಯಿಂದ ಸೀಸವನ್ನು ಅಗೆದು ತೆಗೆದೂ ಅಲ್ಲಿಯ ಜನರು ಪೂರ್ವದಲ್ಲಿ ಜೀವಿಸುತ್ತಿದ್ದರು. ಊರೊಳಗೆ ಸಂತ ಲಾರೆನ್ಸರ ಹೆಸರಿನ ಕಲ್ಲಿನ ದೇವಾಲಯವಿರುವದು. ಅದರ ಅಂಗಳದಲ್ಲಿ ಸಾವಿರ ವರುಷಗಳಿಗೂ ಹಳೆಯದಾದ ಕಲ್ಲಿನ ಶಿಲುಬೆಯೂ, ಅದರ ಸಮೀಪದಲ್ಲಿ ಒಬ್ಬ ಯೌವನಸ್ಥ ಸ್ತ್ರೀಯ ಸಮಾಧಿಯೂ ಇರುವವು. ಆ ಸ್ತ್ರೀಯ ಪತಿಯೂ ಆ ಸಭೆಯ ಪಾಲಕರೂ ಆಗಿದ್ದ ವಿಲಿಯಂ ಮೋಂಪೆಸನ್ನರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಲು ಅಪೇಕ್ಷಿಸುತ್ತೇವೆ.

ಮೋಂಪೆಸನ್ನರು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವಿದ್ಯಾಭ್ಯಾಸ ಮುಗಿಸಿ, 1664ರಲ್ಲಿ ಪತ್ನಿ ಕ್ಯಾಥರೀನ್ ಮತ್ತು ಇಬ್ಬರು ಮಕ್ಕಳೊಡನೆ ಈ ಊರಿಗೆ ಬಂದರು. ಆಗ ಅವರಿಗೆ ಮೂವತ್ತು ವಯಸ್ಸು ಸಹ ತುಂಬಿರಲಿಲ್ಲ. ಜನರು ಅವರನ್ನು ಮನಃಪೂರ್ವಕವಾಗಿ ಸ್ವೀಕರಿಸಲಿಲ್ಲ. ಏಕೆಂದರೆ ಹಿಂದೆ ಅಲ್ಲಿ ಸೇವೆಮಾಡಿದ್ದ ಥಾಮಸ್ ಸ್ಟಾನ್ಲಿಯವರು 1662ರ ಕಾಯಿದೆಗೆ ಒಪ್ಪಲಾರದೆ ಉದ್ಯೋಗವನ್ನು ಕಳೆದುಕೊಂಡಿದ್ದರು. ಊರವರಲ್ಲಿ ಅನೇಕರ ಪ್ರೀತಿಯು ಅವರ ಕಡೆಗೇ ಇತ್ತು.

1665ರಲ್ಲಿ ಲಂಡನ್ ಪಟ್ಟಣವು ಪ್ಲೇಗು ಮಾರಿಯಿಂದ ನರಳುತ್ತಿರುವಾಗ, ಅಲ್ಲಿಂದ ಈಮಿನ ದರ್ಜಿಯೊಬ್ಬನ ಮನೆಗೆ ಬಟ್ಟೆಯ ಗಂಟು ಬಂದಿತು. ಅದು ತೇವವಾಗಿದ್ದುದರಿಂದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರನು ಬಿಚ್ಚಿ ಬೆಂಕಿಯ ಮುಂದೆ ಒಣಗಿಸಿದನು. ಸೆಪ್ಟೆಂಬರ್ 7ರಂದು ಅವನು ಮೃತನಾದನು. ಬಟ್ಟೆಯೊಳಗಿನ ಚಿಗಟಗಳೇ ಅದಕ್ಕೆ ಕಾರಣವೆಂದು ಇಂದು ತಿಳಿಯಲಾಗಿದೆ. ಅಂದಿನವರಿಗೆ ಅದರ ಅರಿವಿರಲಿಲ್ಲ. ಚಳಿಗಾಲದಲ್ಲಿ ತಗ್ಗಿದ ಮಾರಿಯು 1666ರ ಬೇಸಿಗೆಯಲ್ಲಿ ಪುನಃ ಹೆಚ್ಚಿತು.

ಜನರು ಓಡಿಹೋಗಲು ಸಿದ್ಧರಾದರು. ಹಾಗೆ ಓಡಿದರೆ ಸುತ್ತಲಿನ ಊರುಗಳೂ ಹಾಳಾಗುವವೆಂದು ಮೋಂಪೆಸನ್ನರು ಕಂಡುಕೊಂಡರು. ಆದರೆ ತಮ್ಮೊಬ್ಬರ ಮಾತಿಗೆ ಬೆಲೆಯಿಲ್ಲವೆಂದು ಅವರು ಬಲ್ಲರು. ಆದಕಾರಣ ಅಭಿಮಾನವನ್ನು ಬದಿಗಿಟ್ಟು ಸ್ಟಾನ್ಲಿಯವರ ಸಹಾಯವನ್ನು ಬೇಡಿದರು. ಮತದ ವಿಷಯದಲ್ಲಿ ಎದುರಾಳಿಗಳಾಗಿದ್ದ ಇಬ್ಬರೂ ಕೂಡಿ ನಿಂತು, ಊರನ್ನು ಬಿಡಬಾರದೆಂದು ಜನರನ್ನು ಒಡಂಬಡಿಸಿದರು.

ಅಂದಿನಿಂದ ಊರ ಸುತ್ತಲೂ ಎಲ್ಲೆಯನ್ನು ಗೊತ್ತುಮಾಡಿ ಯಾರೂ ದಾಟಬಾರದೆಂದು ನಿಯಮಿಸಿದರು. ದೇವಾಲಯವನ್ನು ಮುಚ್ಚಿ, ಕಕ್ಲೆಟ್ ಡೆಲ್ಫ್ ಎಂಬ ಹಸುರು ಕಣಿವೆಯಲ್ಲಿ ಕುಟುಂಬಕ್ಕೆ ಕುಟುಂಬವು ದೂರ ನಿಂತು ಆರಾಧನೆ ನಡಿಸಿದರು. ಸತ್ತವರನ್ನು ಅವರವರ ಮನೆಯವರೇ ಹಿತ್ತಲಲ್ಲಿ ಅಥವಾ ಹೊಲದಲ್ಲಿ ಹೂಳಬೇಕಾಯಿತು. ಡೆವನ್‌ಷೈರ್ ಪ್ರಭುವೂ ನೆರೆಯೂರಿನವರೂ ಆಹಾರವನ್ನು ಎಲ್ಲೆಯ ಬಳಿ ಇಟ್ಟುಹೋಗುವರು. ಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ಹಣವನ್ನು ಇಡುವರು.

ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿಯು ಆಗಸ್ಟ್ ತಿಂಗಳಲ್ಲಿ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಿಂದಲೇ ಮಣ್ಣುಮಾಡಿದಳು. ರೋಗಿಗಳ ಆರೈಕೆಯಲ್ಲಿ ಪತಿಯೊಡನೆ ದುಡಿದ ಕ್ಯಾಥರೀನಮ್ಮನವರು ಅದೇ ತಿಂಗಳ 25ರಂದು ತೀರಿಕೊಂಡರು. ಆ ವರುಷದ ನವೆಂಬರ್ ಹೊತ್ತಿಗೆ ಮಾರಿಯು ನಿಂತಿತು. ಸತ್ತವರ ಸಂಖ್ಯೆ ಸುಮಾರು 260. ಮೋಂಪೆಸನ್ನರು ಉಳಿದರು. ಕೆಲವು ವರುಷಗಳ ಬಳಿಕ ಅವರು ಈಕ್ರಿಂಗ್ ಎಂಬ ಊರಿಗೆ ಪಾಲಕರಾಗಿ ಹೋದಾಗ, ಅಲ್ಲಿಯ ಜನರು ಹೆದರಿ ಅವರನ್ನು ಮೊದಮೊದಲು ಊರೊಳಗೆ ಸೇರಿಸಲಿಲ್ಲವಂತೆ. ಆ ಸಭೆಯಲ್ಲಿಯೇ ಸೇವೆಮಾಡುತ್ತ 1709ರಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಚುಚ್ಚುವ ಒಂದು ಸಂಗತಿಯುಂಟು. ಎಲ್ಲೆಯನ್ನು ಗೊತ್ತುಮಾಡುವ ಮುನ್ನ ಮೋಂಪೆಸನ್ನರು ತಮ್ಮಿಬ್ಬರು ಮಕ್ಕಳನ್ನು ದೂರಕ್ಕೆ ಕಳುಹಿಸಿದ್ದರು. ಇತರರ ಮಕ್ಕಳು ಉಳಿದು ಸತ್ತರು. ಇದಲ್ಲದೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ನಮ್ಮ ಸೀಮೆಯ ಹಿರಿಯರು ಇಲಿ ಬಿದ್ದ ಕೂಡಲೆ ಮನೆಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವದನ್ನು ಕಲಿತರು. ಹಾಗಾದರೆ ಈಮಿನವರು ಎಲ್ಲೆಯೊಳಗೇ ಇದ್ದುಕೊಂಡು ಮನೆಗಳನ್ನಾದರೂ ಬಿಟ್ಟಿದ್ದರೆ ಹೆಚ್ಚು ಜನರು ಬದುಕುತ್ತಿದ್ದರೋ ಏನೋ!

2020ರಲ್ಲಿ ಕೊರೋನಾ ಜಾಡ್ಯದ ನಿಮಿತ್ತ ಶಾಲೆಯ ಬಾಗಿಲನ್ನು ಮುಚ್ಚಿದಾಗ, ಬರಿದಾದ ತರಗತಿಗಳನ್ನು ನೋಡಿ ನಾವು ಈ ಪಾಲಕರನ್ನು ಅನೇಕ ಸಾರಿ ನೆನೆದೆವು. ಇತರರ ಮಕ್ಕಳಿಗಾಗಿ ತೀರ್ಮಾನ ಮಾಡುವದು ಎಷ್ಟು ಭಾರವಾದ ಕೆಲಸವೆಂಬುದು ಅಂದು ನಮಗೆ ತಿಳಿಯಿತು. ಅವರು ತಪ್ಪಿಲ್ಲದವರೆಂದು ನಾವು ಹೇಳುವದಿಲ್ಲ. ಆದರೆ ತಾವು ಹೊರಟುಹೋಗಬಹುದಾಗಿದ್ದರೂ ಹೋಗದೆ, ಪತ್ನಿಯೊಡನೆ ತಮ್ಮ ಹಿಂಡಿನ ನಡುವೆ ನಿಂತರು. ಪ್ರತಿವರುಷ ಆಗಸ್ಟ್ ತಿಂಗಳ ಕಡೆಯ ಭಾನುವಾರ ಈಮಿನ ಜನರು ಅದೇ ಕಣಿವೆಯಲ್ಲಿ ಕೂಡಿ ಸತ್ತವರನ್ನು ಸ್ಮರಿಸುತ್ತಾರೆ. ನೆರೆಯವರಿಗಾಗಿ ಮನೆಯೊಳಗೆ ಉಳಿದು ಕಷ್ಟಪಟ್ಟ ನಮ್ಮ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಆ ಸ್ಮರಣೆಯಲ್ಲಿ ಪಾಲುಗಾರರೆಂದು ನಾವು ಎಣಿಸುತ್ತೇವೆ.