ಶುಭ ಶುಕ್ರವಾರದ ಮ್ಯಾಚ್ ಮತ್ತು ಲಾರ್ಡ್ ಕಿನ್ನೇರ್ಡ್

ವೀಕೆಂಡ್ ಬಂದ್ರೆ ಟರ್ಫ್ ಬುಕ್ ಮಾಡಿ ಫುಟ್‌ಬಾಲ್ ಆಡುವವರು ನಮ್ಮ ಸಭೆಯಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಇವತ್ತು ಮೀಕ 6:8ನ್ನು ಫುಟ್‌ಬಾಲ್ ಲೋಕದ ಒಬ್ಬ ಮನುಷ್ಯನ ಜೀವಿತದ ಮೂಲಕ ನೋಡೋಣ. ಆ ವಚನ ನ್ಯಾಯವನ್ನೂ ಕರುಣೆಯನ್ನೂ ಒಂದೇ ಉಸಿರಿನಲ್ಲಿ ಕೇಳುತ್ತದೆ. ಕೇಳೋದು ಸುಲಭ, ಅಧಿಕಾರದ ಕುರ್ಚಿಯಲ್ಲಿ ಕೂತವನಿಗೆ ಮಾಡೋದು ಕಷ್ಟ.

ಆರ್ಥರ್ ಕಿನ್ನೇರ್ಡ್ 1847ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ಸ್ಕಾಟ್ಲೆಂಡಿನ ಪ್ರಭು ಮನೆತನ, ಬ್ಯಾಂಕಿನ ಕುಟುಂಬ. ತಾಯಿ ಮೇರಿ ಜೇನ್ ವೈ.ಡಬ್ಲ್ಯೂ.ಸಿ.ಎ. ಸ್ಥಾಪಿಸಿದವರಲ್ಲಿ ಒಬ್ಬರು, ಲಾಹೋರಿನ ಕಿನ್ನೇರ್ಡ್ ಕಾಲೇಜಿಗೆ ಆ ತಾಯಿಯ ಹೆಸರೇ. ಮಗನೂ ಕ್ವಿಂಟಿನ್ ಹಾಗ್ ಅವರ ಜೊತೆ ಸೇರಿ ಲಂಡನ್ನಿನ ಬೀದಿ ಹುಡುಗರಿಗೆ ಪಾಠ ಹೇಳಿಕೊಟ್ಟರು.

ಆದರೆ ಗ್ರೌಂಡಿಗೆ ಇಳಿದರೆ ಬೇರೆಯೇ ಮನುಷ್ಯ! ಕೆಂಪು ಗಡ್ಡ, ಉದ್ದನೆಯ ಬಿಳಿ ಪ್ಯಾಂಟು, ಎದುರಾಳಿಯ ಮೊಣಕಾಲಿಗೆ ದಯೆ ತೋರಿಸದ ಆಟ. ಈ ಹುಡುಗ ಒಂದು ದಿನ ಕಾಲು ಮುರಿದುಕೊಂಡು ಬರ್ತಾನೆ ಅಂತ ಮನೆಯವರು ಭಯಪಟ್ಟಾಗ, ಮುರಿಯೋ ಕಾಲು ಇವನದಾಗಿರಲ್ಲ ಅಂತ ಗೆಳೆಯರೊಬ್ಬರು ಧೈರ್ಯ ಹೇಳಿದರಂತೆ. 9 ಎಫ್.ಎ. ಕಪ್ ಫೈನಲ್ ಆಡಿ 5 ಗೆದ್ದರು. 1882ರಲ್ಲಿ ಗೆದ್ದ ಖುಷಿಗೆ ಪೆವಿಲಿಯನ್ ಮುಂದೆ ತಲೆಕೆಳಗಾಗಿ ನಿಂತರು.

1890ರಲ್ಲಿ ಇವರು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷರಾದರು. ಸಾಯುವವರೆಗೆ 33 ವರ್ಷ ಅದೇ ಸ್ಥಾನ. ಮರುವರ್ಷವೇ ಪೆನಾಲ್ಟಿ ಕಿಕ್ ಬಂತು. ಸಭ್ಯಸ್ಥ ಬೇಕೆಂದು ಫೌಲ್ ಮಾಡ್ತಾನಾ ಅಂತ ಕೆಲವು ದೊಡ್ಡಮನೆಯ ಆಟಗಾರರಿಗೆ ಅವಮಾನವಾಯಿತು. ನನಗನ್ನಿಸೋದು, ಮನುಷ್ಯನ ಪಾಪಸ್ವಭಾವ ಗೊತ್ತಿರುವವರಿಗೆ ಆ ನಿಯಮ ಆಶ್ಚರ್ಯ ತರಲ್ಲ.

ಈಗ ನಿಜವಾದ ಪರೀಕ್ಷೆಗೆ ಬರೋಣ. 1915, ಏಪ್ರಿಲ್ 2, ಶುಭ ಶುಕ್ರವಾರ. ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಲಿವರ್‌ಪೂಲನ್ನು 2-0 ಸೋಲಿಸಿತು. ಅದೇ ಸ್ಕೋರ್ ಮೇಲೆ ಭಾರಿ ಬೆಟ್ಟಿಂಗ್ ನಡೆದಿತ್ತು. ಕೆಲವು ಆಟಗಾರರು ಮೊದಲೇ ಮಾತಾಡಿಕೊಂಡಿದ್ದರು. ಕ್ರಿಸ್ತನ ಶಿಲುಬೆಯನ್ನು ನೆನೆಯುವ ದಿನ, ಸ್ವಾಮಿ! ಅಸೋಸಿಯೇಷನ್ ವಿಚಾರಣೆ ಮಾಡಿ ಎರಡೂ ತಂಡಗಳ ಒಟ್ಟು 7 ಆಟಗಾರರನ್ನು ಆಜೀವ ನಿಷೇಧಿಸಿತು. ಟಿಕೆಟ್ ಕೊಂಡ ಸಾವಿರಾರು ಜನರಿಗೆ ಮೋಸವಾಗಿತ್ತು. ಶಿಕ್ಷೆ ಸರಿ ಅಂತಲೇ ನಾನು ಹೇಳ್ತೀನಿ.

ಆಮೇಲೆ ಯುದ್ಧ. ಕಿನ್ನೇರ್ಡರ ಮಗ ಡಗ್ಲಸ್ 1914ರಲ್ಲೇ ಸತ್ತಿದ್ದ. 1917ರಲ್ಲಿ ಇನ್ನೊಬ್ಬ ಮಗ ಆರ್ಥರ್ ಕೂಡ ಸತ್ತ. ನಿಷೇಧಿತರಲ್ಲಿ ಒಬ್ಬನಾದ ಸ್ಯಾಂಡಿ ಟರ್ನ್‌ಬುಲ್ ಕೂಡ ಅದೇ ವರ್ಷ ಫ್ರಾನ್ಸಿನ ಅರಾಸ್‌ನಲ್ಲಿ ಬಿದ್ದ. ಪ್ರಭುವಿನ ಮಗ, ನಿಷೇಧಿತ ಆಟಗಾರ, ಇಬ್ಬರನ್ನೂ ನುಂಗಿದ್ದು ಒಂದೇ ಯುದ್ಧ.

ಯುದ್ಧ ಮುಗಿದು 1919ರಲ್ಲಿ, ದೇಶಕ್ಕಾಗಿ ಹೋರಾಡಿದ್ದನ್ನು ಲೆಕ್ಕಕ್ಕೆ ಹಿಡಿದು, ಅಸೋಸಿಯೇಷನ್ ನಿಷೇಧ ತೆಗೆಯಿತು. ಸತ್ತಿದ್ದ ಟರ್ನ್‌ಬುಲ್‌ನ ಹೆಸರೂ ಶುದ್ಧವಾಯಿತು. ಎರಡು ಮಕ್ಕಳನ್ನು ಕಳೆದುಕೊಂಡ ತಂದೆ ಆ ಸಂಸ್ಥೆಯ ತಲೆಯಲ್ಲಿದ್ದರು. ಅದನ್ನು ಓದಿದಾಗ ನನಗೆ ಕಣ್ಣು ತುಂಬಿತು.

ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಯಾಕಂದ್ರೆ ಒಬ್ಬ ಉಳಿದುಹೋದ. ಈನಾಕ್ ವೆಸ್ಟ್ ತಾನು ನಿರಪರಾಧಿ ಅಂತಲೇ ಹೇಳುತ್ತಾ ಬಂದ, ಕೋರ್ಟಿಗೂ ಹೋಗಿ ಸೋತ. 1919ರಲ್ಲಿ ಅವನಿಗೆ ಬಾಗಿಲು ತೆರೆಯಲಿಲ್ಲ. ಹಾಗಾದ್ರೆ ಅಲ್ಲಿ ಕೊಟ್ಟದ್ದು ಕರುಣೆಯೋ, ಸೇವೆಗೆ ಕೊಟ್ಟ ಸಂಬಳವೋ? ಕೃಪೆ ಅಂದ್ರೆ ದುಡಿದು ಗಳಿಸೋದಲ್ಲ ಅಂತ ರೋಮಾಪುರದವರಿಗೆ ಬರೆದ ಪತ್ರದಲ್ಲಿ ನಾವು ಕಲಿತಿದ್ದೇವೆ. ತಪ್ಪು ಒಪ್ಪದವನನ್ನು ಕ್ಷಮಿಸೋದು ಹೇಗೆ ಅನ್ನೋದು ಕೂಡ ನಿಜವಾದ ಪ್ರಶ್ನೆಯೇ.

ಕಿನ್ನೇರ್ಡ್ 1923ರ ಜನವರಿಯಲ್ಲಿ ತೀರಿಕೊಂಡರು. ವೆಸ್ಟ್‌ನ ನಿಷೇಧ ತೆಗೆದದ್ದು 1945ರಲ್ಲಿ. ಆಗ ಅವನ ವಯಸ್ಸು 59.