ಆರ್ಥರ್ ಆಶ್: ಆಟದಲ್ಲಿಯೂ ವ್ಯಾಧಿಯಲ್ಲಿಯೂ ಕುಂದದ ಘನತೆ

ವಿಂಬಲ್ಡನ್ ಪಂದ್ಯಾವಳಿಯನ್ನು ಗೆದ್ದವರು ಅನೇಕರುಂಟು. ಗೆಲುವಿನಿಂದ ಬಂದ ಕೀರ್ತಿಗಿಂತಲೂ ವ್ಯಾಧಿಯನ್ನು ಎದುರಿಸಿದ ರೀತಿಯಿಂದ ಹೆಚ್ಚಿನ ಗೌರವಕ್ಕೆ ಪಾತ್ರರಾದವರು ವಿರಳ. ಅಮೆರಿಕದ ಟೆನಿಸ್ ಪಟು ಆರ್ಥರ್ ಆಶ್ ಅಂತಹ ವಿರಳರಲ್ಲಿ ಒಬ್ಬರು. ಅವರು ಕಾಲವಾಗಿ ಮೂವತ್ತಕ್ಕೂ ಹೆಚ್ಚು ವರ್ಷಗಳು ಸಂದಿವೆ. ಏಡ್ಸ್ ರೋಗದ ವಿಷಯದಲ್ಲಿ ಜನರಲ್ಲಿ ಭಯವೂ ತಪ್ಪು ತಿಳಿವಳಿಕೆಯೂ ಇನ್ನೂ ಉಳಿದಿರುವುದರಿಂದ, ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಆಶ್ ಅವರು 1943ನೆಯ ಇಸವಿ ಜುಲೈ 10ರಂದು ವರ್ಜೀನಿಯಾ ಸಂಸ್ಥಾನದ ರಿಚ್ಮಂಡ್ ನಗರದಲ್ಲಿ ಜನಿಸಿದರು. ಅಲ್ಲಿ ಆಗ ಬಿಳಿಯರಿಗೊಂದು ಶಾಲೆ, ಕರಿಯರಿಗೊಂದು ಶಾಲೆ. ಉದ್ಯಾನಗಳೂ ಆಟದ ಬಯಲುಗಳೂ ಹಾಗೆಯೇ ಬೇರೆ ಬೇರೆ. ತಂದೆಯವರು ಕರಿಯರಿಗೆಂದು ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಉದ್ಯಾನವನ್ನು ನೋಡಿಕೊಳ್ಳುತ್ತಿದ್ದರು. ಟೆನಿಸ್ ಅಂಗಣವು ಮನೆಯ ಹತ್ತಿರವೇ ಇದ್ದುದರಿಂದ ಬಾಲಕನ ಕೈಗೆ ಬೇಗನೆ ರ‍್ಯಾಕೆಟ್ ಬಂದಿತು. ಆರು ವರ್ಷದವರಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಈ ಕೃಶಕಾಯದ ಹುಡುಗನನ್ನು ಮುಂದೆ ತಿದ್ದಿ ತೀಡಿದವರು ಲಿಂಚ್‌ಬರ್ಗ್ ಪಟ್ಟಣದ ವೈದ್ಯರಾದ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್. ತೀರ್ಪುಗಾರನು ತಪ್ಪು ಹೇಳಿದರೂ ಮುಖ ಸಿಂಡರಿಸಬಾರದು, ಅಂಗಣದಲ್ಲಿ ಕೋಪವನ್ನು ತೋರಿಸಬಾರದು ಎಂಬುದು ಆ ಗುರುವಿನ ಕಟ್ಟುನಿಟ್ಟಾದ ಶಿಕ್ಷಣ. ಕರಿಯ ಹುಡುಗನನ್ನು ಹೊರಗಟ್ಟಲು ನೆಪವನ್ನು ಹುಡುಕುತ್ತಿದ್ದವರಿಗೆ ನೆಪವೇ ಸಿಕ್ಕದಂತೆ ಆಡಬೇಕಾಗಿತ್ತು.

ಲಾಸ್ ಏಂಜಲೀಸ್‌ನ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಓದುತ್ತಿದ್ದಾಗ, 1963ರಲ್ಲಿ, ಅವರು ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಪ್ರಥಮ ಕರಿಯ ಆಟಗಾರರೆನಿಸಿದರು. 1968ರಲ್ಲಿ ಯು.ಎಸ್. ಓಪನ್ ಪಂದ್ಯಾವಳಿಯನ್ನು ಗೆದ್ದರೂ, ಹವ್ಯಾಸಿ ಆಟಗಾರರಾಗಿದ್ದುದರಿಂದ 14,000 ಡಾಲರುಗಳ ಬಹುಮಾನವು ಅವರಿಗೆ ಸಲ್ಲಲಿಲ್ಲ. ದಿನಕ್ಕೆ 20 ಡಾಲರುಗಳ ಭತ್ಯೆಯಷ್ಟೇ ದೊರೆಯಿತು. 1970ರಲ್ಲಿ ಆಸ್ಟ್ರೇಲಿಯದ ಪ್ರಶಸ್ತಿಯನ್ನೂ, 1975ರಲ್ಲಿ ಜಿಮ್ಮಿ ಕಾನರ್ಸ್ ಅವರನ್ನು ಸೋಲಿಸಿ ವಿಂಬಲ್ಡನ್ ಪ್ರಶಸ್ತಿಯನ್ನೂ ಗಳಿಸಿದರು. ವರ್ಣಭೇದದ ದಕ್ಷಿಣ ಆಫ್ರಿಕಾ ಸರಕಾರವು ಮೊದಲು ಪ್ರವೇಶವನ್ನು ನಿರಾಕರಿಸಿ, 1973ರಲ್ಲಿ ಅವರಿಗೆ ಬಾಗಿಲು ತೆರೆಯಬೇಕಾಯಿತು.

ಈ ಕಟ್ಟುಮಸ್ತಾದ ಬಾಳಿಗೆ ಮೊದಲ ಪೆಟ್ಟು ಬಿದ್ದುದು ಹೃದಯದಿಂದ. 1979ರ ಜುಲೈ ತಿಂಗಳಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಹೃದಯಾಘಾತವಾಯಿತು. ಅದೇ ವರ್ಷಾಂತ್ಯದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮರುವರ್ಷ ಆಟದಿಂದ ನಿವೃತ್ತರಾದರು. 1983ರ ಜೂನ್ ತಿಂಗಳಲ್ಲಿ ಎರಡನೆಯ ಶಸ್ತ್ರಚಿಕಿತ್ಸೆ ಅಗತ್ಯವಾಯಿತು. ಅದರ ತರುವಾಯ ಬಹಳ ನಿಶ್ಶಕ್ತರಾಗಿದ್ದುದರಿಂದ ಅವರಿಗೆ ಪರರ ರಕ್ತವನ್ನು ಕೊಡಲಾಯಿತು. ರೋಗಾಣುವು ಆ ರಕ್ತದ ಮೂಲಕವೇ ಬಂದಿತೆಂಬುದು ಅವರ ಮತ್ತು ಅವರ ವೈದ್ಯರ ನಿರ್ಣಯ. ಪ್ಯಾರಿಸಿನ ವಿಜ್ಞಾನಿಗಳು ಎಚ್.ಐ.ವಿ. ಎಂದು ನಾವು ಈಗ ಕರೆಯುವ ಈ ವೈರಾಣುವನ್ನು ಗುರುತಿಸಿದ್ದು ಅದೇ ವರ್ಷ. ದಾನಿಗಳ ರಕ್ತವನ್ನು ಪರೀಕ್ಷಿಸುವ ವಿಧಾನವು ಅಮೆರಿಕದಲ್ಲಿ ಬಳಕೆಗೆ ಬಂದುದು 1985ರಲ್ಲಿ. ಎರಡು ವರ್ಷಗಳ ಈ ಅಂತರವೇ ಆಶ್ ಅವರ ಪಾಲಿಗೆ ಮಾರಕವಾಯಿತು.

ಆ ವೈರಾಣುವು ಶರೀರದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಯಬೇಕು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಸಿ.ಡಿ.4 ಎಂಬ ಒಂದು ವರ್ಗವುಂಟು. ಪರಕೀಯ ರೋಗಾಣುಗಳು ಒಳಹೊಕ್ಕಾಗ ಉಳಿದ ರಕ್ಷಕ ಕಣಗಳನ್ನು ಎಚ್ಚರಿಸಿ ನಡೆಸುವ ಸೇನಾನಿಗಳು ಇವೇ. ಎಚ್.ಐ.ವಿ. ನೇರವಾಗಿ ಈ ಸೇನಾನಿಗಳನ್ನೇ ಹಿಡಿಯುತ್ತದೆ. ಕಣದೊಳಗೆ ಸೇರಿ ತನ್ನ ವಂಶಲಿಪಿಯನ್ನು ಕಣದ ವಂಶಲಿಪಿಯೊಡನೆ ಹೆಣೆದುಬಿಡುತ್ತದೆ. ಅಂದಿನಿಂದ ಆ ಕಣವು ಹೊಸ ವೈರಾಣುಗಳನ್ನು ಹುಟ್ಟಿಸುವ ಕಾರ್ಖಾನೆಯಾಗಿ ಕೊನೆಗೆ ನಾಶವಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಸಾಧಾರಣ ಜ್ವರದಂತೆ ಏನಾದರೂ ತೋರಿ ಮಾಯವಾಗಬಹುದು. ಆಮೇಲೆ ವರ್ಷಗಟ್ಟಲೆ ಹೊರಗೆ ಯಾವ ಚಿಹ್ನೆಯೂ ಇರುವುದಿಲ್ಲ. ಒಳಗೆ ಮಾತ್ರ ಸೇನೆ ಸವೆಯುತ್ತಿರುತ್ತದೆ. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ 500ರಿಂದ 1,500ರವರೆಗೆ ಇರುವ ಈ ಕಣಗಳು 200ಕ್ಕಿಂತ ಕೆಳಗಿಳಿದಾಗ ಏಡ್ಸ್ ಎನ್ನುತ್ತಾರೆ. ಆಗ ಕೊಲ್ಲುವುದು ಬಹುಮಟ್ಟಿಗೆ ಇತರ ರೋಗಗಳು, ಎಚ್.ಐ.ವಿ. ಅವುಗಳಿಗೆ ಕೋಟೆಯ ಬಾಗಿಲನ್ನು ತೆರೆದಿರುತ್ತದೆ. ನಮ್ಮ ದೇಶದಲ್ಲಿ ಹಾಗೆ ಒಳನುಗ್ಗುವ ರೋಗಗಳಲ್ಲಿ ಕ್ಷಯವೇ ಪ್ರಧಾನವಾದುದು.

ಆಶ್ ಅವರಲ್ಲಿ ಐದು ವರ್ಷಗಳ ಕಾಲ ಇದಾವುದೂ ಹೊರಗೆ ಕಾಣಲಿಲ್ಲ. 1988ರಲ್ಲಿ ಅವರ ಬಲಗೈ ಸ್ವಾಧೀನ ತಪ್ಪಿತು. ವಿಂಬಲ್ಡನ್ನಿನಲ್ಲಿ ರ‍್ಯಾಕೆಟ್ಟನ್ನು ಹಿಡಿದ ಕೈಯೇ ಅದು. ವೈದ್ಯರು ಮಿದುಳಿನ ಶಸ್ತ್ರಚಿಕಿತ್ಸೆಯನ್ನು ನಡೆಸಿ ಪರೀಕ್ಷಿಸಿದಾಗ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮ ಪರೋಪಜೀವಿಯ ಸೋಂಕು ಕಂಡುಬಂದಿತು. ಲೋಕದಲ್ಲಿ ಬಹು ಜನರ ಶರೀರದಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಸುಮ್ಮನಿರುತ್ತದೆ; ರಕ್ಷಣಾಶಕ್ತಿ ಕುಂದಿದವರಲ್ಲಿ ಮಿದುಳನ್ನೇ ಹಿಡಿಯುತ್ತದೆ. ಈ ಸುಳಿವಿನಿಂದಲೇ ಎಚ್.ಐ.ವಿ. ಇರುವುದು ಖಚಿತವಾಯಿತು. ಅದೇ ವರ್ಷ ಕರಿಯ ಕ್ರೀಡಾಪಟುಗಳ ಇತಿಹಾಸವನ್ನು ಕುರಿತ ಅವರ ಮೂರು ಸಂಪುಟಗಳ ಗ್ರಂಥವು ಪ್ರಕಟವಾದುದನ್ನು ಸ್ಮರಿಸಬೇಕು.

ಪತ್ನಿ ಜೀನ್, ಕೆಲವರು ಆಪ್ತರು ಮತ್ತು ವೈದ್ಯರು, ಇವರ ನಡುವೆ ಮೂರೂವರೆ ವರ್ಷ ಈ ಸಂಗತಿ ಗುಟ್ಟಾಗಿ ಉಳಿಯಿತು. 1992ರ ಏಪ್ರಿಲ್‌ನಲ್ಲಿ ಪತ್ರಿಕೆಯೊಂದು ಇದನ್ನು ಕೆದಕಿ ವಿಚಾರಿಸತೊಡಗಿದಾಗ, ಅನ್ಯರು ಹೇಳುವ ಮೊದಲು ತಾವೇ ಹೇಳುವುದು ಲೇಸೆಂದು ಆ ತಿಂಗಳ 8ರಂದು ಪತ್ರಕರ್ತರನ್ನು ಕರೆದು ಪ್ರಕಟಿಸಿದರು. ಪುಟ್ಟ ಮಗಳು ಕ್ಯಾಮೆರಾಳ ಹೆಸರನ್ನು ಎತ್ತುವಾಗ ಅವರಿಗೆ ಕಂಠ ಬಿಗಿದು, ಓದನ್ನು ಪತ್ನಿ ಮುಂದುವರಿಸಬೇಕಾಯಿತು. ಪತ್ರಿಕಾವ್ಯವಸಾಯದಲ್ಲಿರುವ ನಾವು ಈ ಪ್ರಸಂಗವನ್ನು ಮರೆಯಲಾಗದು. ಯಾವ ಸಾರ್ವಜನಿಕ ಅಧಿಕಾರವನ್ನೂ ಹೊಂದಿರದ ಒಬ್ಬ ಗೃಹಸ್ಥನ ರೋಗವು ಸುದ್ದಿಯಾಗಬೇಕಾದ ಅಗತ್ಯವಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. ನಮ್ಮ ದೇಶದಲ್ಲಿ 2017ರಲ್ಲಿ ಆದ ಶಾಸನವು, ಸೋಂಕುಳ್ಳವರ ಸ್ಥಿತಿಯನ್ನು ಅವರ ಸಮ್ಮತಿಯಿಲ್ಲದೆ ಬಯಲು ಮಾಡಲಾಗದೆಂದು ಸಾಮಾನ್ಯ ನಿಯಮವನ್ನು ವಿಧಿಸಿರುವುದು ಯುಕ್ತವಾಗಿದೆ.

ಪತ್ನಿಗೂ ಮಗಳಿಗೂ ಸೋಂಕು ತಗಲಿರಲಿಲ್ಲ. ಒಂದೇ ಮನೆಯಲ್ಲಿ ವಾಸ, ಒಂದೇ ಮೇಜಿನಲ್ಲಿ ಊಟ, ಮಗುವನ್ನು ಎತ್ತಿ ಆಡಿಸಿದ್ದು, ಇವಾವುದರಿಂದಲೂ ರೋಗ ಹರಡಲಿಲ್ಲ. ರಕ್ತ, ಲೈಂಗಿಕ ಸಂಪರ್ಕ, ಸೋಂಕಿದ ಸೂಜಿ, ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ, ಇವೇ ಅದರ ಮಾರ್ಗಗಳು. ಸ್ಪರ್ಶದಿಂದಾಗಲಿ ಸಹಭೋಜನದಿಂದಾಗಲಿ ಅದು ಬಾರದು.

ಕೊನೆಯ ಹತ್ತು ತಿಂಗಳುಗಳಲ್ಲಿ ಆಶ್ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಏಡ್ಸ್ ನಿರ್ಮೂಲನಕ್ಕಾಗಿ ಪ್ರತಿಷ್ಠಾನವೊಂದನ್ನು ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ಹೈಟಿ ದೇಶದ ನಿರಾಶ್ರಿತರ ಪರವಾಗಿ ಶ್ವೇತಭವನದ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ಡಿಸೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಮಾತನಾಡಿದರು. 1993ರ ಫೆಬ್ರವರಿ 6ರಂದು ನ್ಯೂಯಾರ್ಕಿನಲ್ಲಿ, ಏಡ್ಸ್‌ನ ಪರಿಣಾಮವಾಗಿ ಬಂದ ನ್ಯುಮೋನಿಯಾದಿಂದ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.

ಅವರ ಕಾಲದಲ್ಲಿದ್ದ ಔಷಧಗಳು ವೈರಾಣುವನ್ನು ಸ್ವಲ್ಪ ಕಾಲ ತಡೆಯುತ್ತಿದ್ದುವೇ ಹೊರತು ಹಿಮ್ಮೆಟ್ಟಿಸುತ್ತಿರಲಿಲ್ಲ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ 1996ರ ಹೊತ್ತಿಗೆ ಬಂದಿತು. ಆಶ್ ತೀರಿಕೊಂಡು ಆಗಿನ್ನೂ ಮೂರೇ ವರ್ಷ. ನಮ್ಮ ದೇಶದಲ್ಲಿ ಈ ಸೋಂಕನ್ನು 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಮೊದಲು ಪತ್ತೆಹಚ್ಚಿದರು. ಸರಕಾರವು ಉಚಿತ ಔಷಧದ ಯೋಜನೆಯನ್ನು 2004ರಲ್ಲಿ ಆರಂಭಿಸಿತು. ರೋಗವು ಸಂಪೂರ್ಣವಾಗಿ ಗುಣವಾಗದಿದ್ದರೂ, ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಂಡು ಪ್ರತಿದಿನ ಔಷಧವನ್ನು ತಪ್ಪದೆ ಸೇವಿಸುವವರು ಇತರರಷ್ಟೇ ದೀರ್ಘಕಾಲ ಬಾಳಬಹುದು; ವೈರಾಣು ಪರೀಕ್ಷೆಗೆ ಸಿಕ್ಕದಷ್ಟು ಅಡಗಿದಲ್ಲಿ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಅದು ಹರಡದು.

ಬಾಲಕ ಆಶ್‌ಗೆ ಬಿಳಿಯರ ಅಂಗಣಗಳಲ್ಲಿ ಆಡಲು ಅವಕಾಶ ಕೊಡದ ಅದೇ ರಿಚ್ಮಂಡ್ ನಗರದ ರಾಜಮಾರ್ಗದಲ್ಲಿ 1996ರಲ್ಲಿ ಅವರ ಪ್ರತಿಮೆ ನಿಂತಿತು. ಮಕ್ಕಳ ನಡುವೆ ನಿಂತಿರುವ ಆ ಮೂರ್ತಿಯ ಒಂದು ಕೈಯಲ್ಲಿ ಪುಸ್ತಕಗಳು, ಇನ್ನೊಂದು ಕೈಯಲ್ಲಿ ರ‍್ಯಾಕೆಟ್. ಪುಸ್ತಕಗಳನ್ನು ಎತ್ತಿ ಹಿಡಿದ ಕೈಯೇ ಮೇಲಿದೆ.