ಹೆರಾಲ್ಡ್ ಇಕಿಸ್

ಹೆರಾಲ್ಡ್ ಲೆಕ್ಲೇರ್ ಇಕಿಸ್ (ಮಾರ್ಚ್ 15, 1874 – ಫೆಬ್ರವರಿ 3, 1952) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲ, ರಾಜಕಾರಣಿ ಮತ್ತು ಆಡಳಿತಗಾರ. 1933ರಿಂದ 1946ರವರೆಗೆ ಅಲ್ಲಿನ ಒಳಾಡಳಿತ ಕಾರ್ಯದರ್ಶಿಯಾಗಿದ್ದರು. ಆ ಹುದ್ದೆಯಲ್ಲಿ ಇವರಷ್ಟು ದೀರ್ಘಕಾಲ ಇದ್ದವರು ಬೇರಾರೂ ಇಲ್ಲ. ಭಾರತದ ಗೃಹ ಖಾತೆಯಂತೆ ಪೊಲೀಸ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಇಲಾಖೆ ಅದಲ್ಲ. ಸರ್ಕಾರಿ ಭೂಮಿ, ಖನಿಜ, ರಾಷ್ಟ್ರೀಯ ಉದ್ಯಾನಗಳು ಅದರ ವ್ಯಾಪ್ತಿಗೆ ಬರುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶದ ತೈಲ ನೀತಿಯನ್ನು ಸೇನೆಯ ಅಗತ್ಯಗಳಿಗೆ ಹೊಂದಿಸಿದ ಪೆಟ್ರೋಲಿಯಂ ಆಡಳಿತಾಧಿಕಾರಿಯಾಗಿಯೂ ಇಕಿಸ್ ಪ್ರಸಿದ್ಧರು.

ಆರಂಭಿಕ ಜೀವನ

ಇಕಿಸ್ ಜನಿಸಿದ್ದು ಪೆನ್ಸಿಲ್ವೇನಿಯ ರಾಜ್ಯದಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಷಿಕಾಗೊದ ಬಂಧುಗಳ ಮನೆ ಸೇರಿದರು. ಷಿಕಾಗೊ ವಿಶ್ವವಿದ್ಯಾಲಯದಿಂದ 1897ರಲ್ಲಿ ಪದವಿ ಪಡೆದು, ಕೆಲಕಾಲ ಪತ್ರಿಕಾ ವರದಿಗಾರರಾಗಿ ದುಡಿದು, 1907ರಲ್ಲಿ ಕಾನೂನು ಪದವಿ ಪಡೆದರು. ನಗರದ ಭ್ರಷ್ಟ ರಾಜಕಾರಣದ ವಿರುದ್ಧ ಸುಧಾರಣಾವಾದಿಗಳ ಪರವಾಗಿ ಹಲವು ಚುನಾವಣೆಗಳಲ್ಲಿ ಶ್ರಮಿಸಿದರಾದರೂ ಅವುಗಳಲ್ಲಿ ಸೋಲೇ ಹೆಚ್ಚು. ಮೂಲತಃ ರಿಪಬ್ಲಿಕನ್ ಪಕ್ಷದವರಾಗಿದ್ದ ಇವರನ್ನು ಡೆಮಾಕ್ರಟಿಕ್ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಸಂಪುಟಕ್ಕೆ ಸೇರಿಸಿಕೊಂಡರು.

ಒಳಾಡಳಿತ ಕಾರ್ಯದರ್ಶಿ

ಇಕಿಸ್ ವಹಿಸಿಕೊಂಡ ಇಲಾಖೆಗೆ ತೈಲದ ಕಳಂಕ ಅಂಟಿತ್ತು. ನೌಕಾಪಡೆಗೆಂದು ಮೀಸಲಿಟ್ಟ ತೈಲಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಲಂಚ ಪಡೆದುದಕ್ಕಾಗಿ ಇದೇ ಹುದ್ದೆಯಲ್ಲಿದ್ದ ಆಲ್ಬರ್ಟ್ ಫಾಲ್ 1929ರಲ್ಲಿ ಅಪರಾಧಿಯೆಂದು ತೀರ್ಮಾನವಾಗಿ, ಅನಂತರ ಸೆರೆಮನೆ ಸೇರಿದ್ದರು. ಟೀಪಾಟ್ ಡೋಮ್ ಹಗರಣವೆಂದು ಹೆಸರಾದ ಈ ಪ್ರಕರಣದ ನೆನಪು ಹಸಿಯಾಗಿದ್ದುದರಿಂದ ಇಕಿಸ್ ಪ್ರತಿಯೊಂದು ಗುತ್ತಿಗೆಯನ್ನೂ ಸಂಶಯದಿಂದಲೇ ನೋಡುತ್ತಿದ್ದರು. ಲೋಕೋಪಯೋಗಿ ಆಡಳಿತದ ಮುಖ್ಯಸ್ಥರಾಗಿ ಅಣೆಕಟ್ಟು, ಸೇತುವೆ, ಶಾಲೆಗಳ ನಿರ್ಮಾಣಕ್ಕೆ ಅಪಾರ ಹಣ ವೆಚ್ಚ ಮಾಡಿದರೂ ಅದರಲ್ಲಿ ದೊಡ್ಡ ಹಗರಣವೊಂದೂ ತಲೆದೋರಲಿಲ್ಲ. ಕರಿಯರ ಹಕ್ಕುಗಳ ಪರವಾಗಿದ್ದ ಇವರು 1939ರಲ್ಲಿ ಗಾಯಕಿ ಮೇರಿಯನ್ ಆಂಡರ್ಸನ್ ಅವರಿಗೆ ವಾಷಿಂಗ್ಟನ್ನಿನ ಸಭಾಂಗಣವೊಂದು ನಿರಾಕರಿಸಲ್ಪಟ್ಟಾಗ ಲಿಂಕನ್ ಸ್ಮಾರಕದಲ್ಲಿ ಕಛೇರಿಗೆ ಅವಕಾಶ ಮಾಡಿಕೊಟ್ಟರು.

1938ರಲ್ಲಿ ಜರ್ಮನಿಯು ತನ್ನ ವಾಯುನೌಕೆಗಳಿಗೆ ಹೀಲಿಯಂ ಅನಿಲವನ್ನು ಕೊಳ್ಳಬಯಸಿತು. ಸಂಪುಟದ ಇತರರು ಒಪ್ಪಿದರೂ ಇಕಿಸ್ ಮಾತ್ರ ಅದು ಯುದ್ಧಕ್ಕೆ ಬಳಕೆಯಾದೀತೆಂಬ ಕಾರಣದಿಂದ ಸಹಿ ಹಾಕಲಿಲ್ಲ.

ಯುದ್ಧಕಾಲದ ತೈಲ ಆಡಳಿತ

1941ರ ಮೇ ತಿಂಗಳಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕಿಳಿಯದಿದ್ದಾಗಲೇ, ರೂಸ್‌ವೆಲ್ಟ್ ಇವರನ್ನು ರಾಷ್ಟ್ರರಕ್ಷಣೆಯ ಪೆಟ್ರೋಲಿಯಂ ಸಂಯೋಜಕರನ್ನಾಗಿ ನೇಮಿಸಿದರು. ದೇಶದಲ್ಲಿ ತೈಲಕ್ಕೆ ಕೊರತೆಯಿರಲಿಲ್ಲ, ತೊಡಕಿದ್ದುದು ಸಾಗಣೆಯಲ್ಲಿ. ಪೂರ್ವ ಕರಾವಳಿಗೆ ಬೇಕಾದ ತೈಲದ ಸುಮಾರು 95 ಶೇಕಡಾ ಮೆಕ್ಸಿಕೊ ಕೊಲ್ಲಿಯ ಬಂದರುಗಳಿಂದ ಟ್ಯಾಂಕರ್ ಹಡಗುಗಳಲ್ಲಿ ಬರುತ್ತಿತ್ತು. ಆ ಹಡಗುಗಳಲ್ಲಿ ಹಲವನ್ನು ಬ್ರಿಟನ್ನಿನ ನೆರವಿಗೆ ಕೊಟ್ಟಾಗ ಇಕಿಸ್ ಮುಂಬರುವ ಅಭಾವದ ಬಗ್ಗೆ ಎಚ್ಚರಿಸಿ, ರಾತ್ರಿ ವೇಳೆ ಪೆಟ್ರೋಲ್ ಬಂಕ್‌ಗಳನ್ನು ಮುಚ್ಚಿಸಿದರು. ಜನ ಗೊಣಗಿದರು. ಸೆನೆಟ್ ಸಮಿತಿಯೊಂದು ಕೊರತೆಯೇ ಇಲ್ಲವೆಂದು ವರದಿ ಮಾಡಿತು. ಬ್ರಿಟನ್ ಹಡಗುಗಳನ್ನು ಹಿಂದಿರುಗಿಸಿದಾಗ ಇಕಿಸ್ ನಗೆಪಾಟಲಿಗೀಡಾದರು.

ಆ ನಗೆ ಬಹುಕಾಲ ಉಳಿಯಲಿಲ್ಲ. 1942ರ ಜನವರಿಯಿಂದ ಜರ್ಮನ್ ಜಲಾಂತರ್ಗಾಮಿಗಳು ಕರಾವಳಿಯುದ್ದಕ್ಕೂ ಟ್ಯಾಂಕರ್‌ಗಳನ್ನು ಮುಳುಗಿಸತೊಡಗಿದವು. ಟೆಕ್ಸಾಸ್‌ನಿಂದ ಪೂರ್ವಕ್ಕೆ ಕೊಳವೆ ಮಾರ್ಗ ಹಾಕಬೇಕೆಂಬ ಇಕಿಸ್ ಅವರ ಬೇಡಿಕೆಗೆ ಉಕ್ಕು ಹಂಚಿಕೆಯ ಮಂಡಳಿ 1941ರಲ್ಲಿ ಒಪ್ಪಿಗೆ ಕೊಟ್ಟಿರಲಿಲ್ಲ. ಅದೇ ಉಕ್ಕು ಯುದ್ಧನೌಕೆಗೂ ಬೇಕಿದ್ದುದರಿಂದ ಆ ನಿರಾಕರಣೆಯನ್ನು ಕೇವಲ ಹಠವೆನ್ನಲಾಗದು. ಕೊನೆಗೆ 1942ರ ಜೂನ್‌ನಲ್ಲಿ ಅನುಮತಿ ದೊರೆತು, ಆಗಸ್ಟ್‌ನಲ್ಲಿ ಕಾಮಗಾರಿ ಆರಂಭವಾಯಿತು. 24 ಅಂಗುಲ ವ್ಯಾಸದ 'ಬಿಗ್ ಇಂಚ್' ಮಾರ್ಗ ಒಂದು ವರ್ಷದಲ್ಲಿ ಪೂರ್ಣಗೊಂಡು, ದಿನಕ್ಕೆ 3 ಲಕ್ಷ ಬ್ಯಾರೆಲ್‌ಗಳಿಗೂ ಹೆಚ್ಚು ಕಚ್ಚಾ ತೈಲವನ್ನು ಸಾಗಿಸಿತು. ಶುದ್ಧೀಕರಿಸಿದ ತೈಲಕ್ಕಾಗಿ 20 ಅಂಗುಲದ 'ಲಿಟಲ್ ಬಿಗ್ ಇಂಚ್' 1944ರಲ್ಲಿ ಸಿದ್ಧವಾಯಿತು. ಈ ನಡುವಿನ ಅವಧಿಯಲ್ಲಿ ಪೂರ್ವ ಕರಾವಳಿಯನ್ನು ಕಾಪಾಡಿದ್ದು ರೈಲ್ವೆಯ ಟ್ಯಾಂಕ್ ವ್ಯಾಗನ್‌ಗಳು.

1942ರ ಡಿಸೆಂಬರ್‌ನಲ್ಲಿ ಯುದ್ಧ ಪೆಟ್ರೋಲಿಯಂ ಆಡಳಿತ ಸ್ಥಾಪನೆಯಾಗಿ ಇಕಿಸ್ ಅದರ ಮುಖ್ಯಸ್ಥರಾದರು. ಹಿಂದೆ ತೈಲ ಕಂಪನಿಗಳನ್ನು ಕಟುವಾಗಿ ಟೀಕಿಸುತ್ತಿದ್ದ ಇವರು ಈಗ ಅದೇ ಕಂಪನಿಗಳಿಂದ ನುರಿತವರನ್ನು ಕರೆತಂದರು. ಉಪ ಆಡಳಿತಾಧಿಕಾರಿ ರಾಲ್ಫ್ ಡೇವಿಸ್ ಕ್ಯಾಲಿಫೋರ್ನಿಯದ ಸ್ಟ್ಯಾಂಡರ್ಡ್ ಆಯಿಲ್‌ನಿಂದ ಬಂದವರು. ಪೈಪೋಟಿಯಲ್ಲಿದ್ದ ಸಂಸ್ಥೆಗಳು ಟ್ಯಾಂಕರ್, ಸಂಸ್ಕರಣಾಗಾರಗಳನ್ನು ಹಂಚಿಕೊಂಡು ಬಳಸುವಂತಾಯಿತು. ಯುದ್ಧವಿಮಾನಗಳಿಗೆ ಅತ್ಯಗತ್ಯವಾದ 100 ಆಕ್ಟೇನ್ ಪೆಟ್ರೋಲಿನ ಉತ್ಪಾದನೆ ದಿನಕ್ಕೆ ಸುಮಾರು 40,000 ಬ್ಯಾರೆಲ್‌ಗಳಿಂದ 5 ಲಕ್ಷಕ್ಕೂ ಮೀರಿ ಏರಿತು. ಮಿತ್ರರಾಷ್ಟ್ರಗಳು 1941ರ ಡಿಸೆಂಬರ್‌ನಿಂದ ಯುದ್ಧಾಂತ್ಯದವರೆಗೆ ಬಳಸಿದ ಸುಮಾರು 700 ಕೋಟಿ ಬ್ಯಾರೆಲ್ ತೈಲದಲ್ಲಿ 600 ಕೋಟಿಯಷ್ಟು ಅಮೆರಿಕದ್ದೇ.

ಕಲ್ಲಿದ್ದಲಿನ ಹೊಣೆಯೂ ಇವರದೇ ಆಗಿತ್ತು. 1943ರ ಗಣಿ ಮುಷ್ಕರಗಳಲ್ಲಿ ಸರ್ಕಾರ ಗಣಿಗಳನ್ನು ವಶಪಡಿಸಿಕೊಂಡಾಗ ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ ಅವರೊಡನೆ ಸಂಧಾನ ನಡೆಸಿ ಒಪ್ಪಂದಕ್ಕೆ ಬಂದರು. ಆದರೆ ಸೌದಿ ಅರೇಬಿಯದ ತೈಲ ಹಕ್ಕನ್ನು ಸರ್ಕಾರವೇ ಕೊಳ್ಳಬೇಕೆಂಬ ಇವರ ಯೋಜನೆ ಕಂಪನಿಗಳ ವಿರೋಧದಿಂದ ಬಿದ್ದುಹೋಯಿತು.

ರಾಜೀನಾಮೆ ಮತ್ತು ಕೊನೆಯ ದಿನಗಳು

1946ರಲ್ಲಿ ಅಧ್ಯಕ್ಷ ಟ್ರೂಮನ್ ತೈಲೋದ್ಯಮಿ ಎಡ್ವಿನ್ ಪಾಲಿಯವರನ್ನು ನೌಕಾಪಡೆಯ ಅಧೀನ ಕಾರ್ಯದರ್ಶಿ ಹುದ್ದೆಗೆ ಸೂಚಿಸಿದರು. ಕರಾವಳಿಯ ತೈಲಭೂಮಿಯ ಮೇಲೆ ಕೇಂದ್ರ ಸರ್ಕಾರ ಹಕ್ಕು ಸಾಧಿಸದಿದ್ದರೆ ಪಕ್ಷಕ್ಕೆ ದೊಡ್ಡ ದೇಣಿಗೆ ಬರಬಹುದೆಂದು ಪಾಲಿ ಸೂಚಿಸಿದ್ದರೆಂದು ಇಕಿಸ್ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಪಾಲಿ ಅದನ್ನು ನಿರಾಕರಿಸಿದರು. ಟ್ರೂಮನ್ ಪಾಲಿಯವರ ಪರ ನಿಂತಾಗ ಇಕಿಸ್ ಫೆಬ್ರವರಿಯಲ್ಲಿ ರಾಜೀನಾಮೆಯಿತ್ತರು. ಪಾಲಿಯವರ ನೇಮಕವೂ ಕೈಗೂಡಲಿಲ್ಲ.

ಎರಡೂ ಕೊಳವೆ ಮಾರ್ಗಗಳನ್ನು 1947ರಲ್ಲಿ ಸರ್ಕಾರ ಮಾರಿತು. ಅವು ನೈಸರ್ಗಿಕ ಅನಿಲ ಸಾಗಣೆಗೆ ಬಳಕೆಯಾದವು. ಇಕಿಸ್ ವಾಷಿಂಗ್ಟನ್ನಿನಲ್ಲಿ ನಿಧನರಾದರು. ಇವರು ಬರೆದಿಟ್ಟ ದಿನಚರಿಯ ಭಾಗಗಳು ಮರಣಾನಂತರ ಮೂರು ಸಂಪುಟಗಳಲ್ಲಿ ಪ್ರಕಟವಾದವು. ಅವು 1941ಕ್ಕೆ ನಿಲ್ಲುವುದರಿಂದ ಯುದ್ಧಕಾಲದ ತೈಲ ಆಡಳಿತದ ವರ್ಷಗಳು ಅವುಗಳಲ್ಲಿ ಸೇರಿಲ್ಲ.